ಹುಳವಿಲ್ಲದ ಗುಳ್ಳ, ಜೀನ್ ಇಲ್ಲದ ಎಣ್ಣೆ

ಆದಿಉಡುಪಿಯ ಬುಧವಾರದ ಸಂತೆ. ನನ್ನ ದೊಡ್ಡಮ್ಮ ಗುಳ್ಳಬದನೆಯ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ, ತೊಟ್ಟಿನ ಮುಳ್ಳು ತಾಗದಂತೆ ತಿರುಗಿಸಿ, ತೂತು ಉಂಟೋ ಎಂದು ನೋಡುತ್ತಿದ್ದರು. ಹತ್ತು ನೋಡಿದರು, ಹನ್ನೆರಡು ನೋಡಿದರು. ಒಂದರಲ್ಲೂ ತೂತಿಲ್ಲ. ಖುಷಿಪಡಬೇಕಾದ ಹೊತ್ತಿಗೆ ಅವರ ಹುಬ್ಬು ಗಂಟಿಕ್ಕಿತು.

“ಇದೆಂತ ಮಾರಾಯ, ಒಂದಕ್ಕೂ ಹುಳ ಇಲ್ಲ! ಬಿಟಿಯದ್ದಾ ಎಂತ?”

ಮಾರುವವನು ತಕ್ಕಡಿ ಕೆಳಗಿಟ್ಟ. “ಹುಳ ಇದ್ರೂ ಬೈತೀರಿ, ಇಲ್ಲದಿದ್ರೂ ಬೈತೀರಿ. ನಾನೆಂತ ಮಾಡ್ಲಿ ಅಮ್ಮ?”

ಕೊನೆಗೆ ಒಂದು ಕಿಲೋ ತೂಗಿಸಿಕೊಂಡದ್ದಾಯಿತು. ಮನೆಗೆ ಬರುವ ದಾರಿಯಲ್ಲಿ ಅಂಗಡಿಗೆ ಹೊಕ್ಕು ಗುಳ್ಳದ ಪೋಡಿ ಕರಿಯಲಿಕ್ಕೆ ಒಂದು ಲೀಟರ್ ಎಣ್ಣೆ ತಗೊಂಡರು. ಆ ಪೊಟ್ಟಣವನ್ನು ಮಾತ್ರ ತಿರುಗಿಸಿ ನೋಡಲೂ ಇಲ್ಲ, ಸೀದಾ ಚೀಲಕ್ಕೆ ಹಾಕಿದರು.

ಕುಲಾಂತರಿ ಆಹಾರ ಬೇಡ ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಬೇಡ ಎನ್ನುವುದು ಅವರವರ ಹಕ್ಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅವರು ಅದನ್ನು ಹುಡುಕುವ ಜಾಗ ಯಾವಾಗಲೂ ತರಕಾರಿ ಬುಟ್ಟಿ. ಬುಟ್ಟಿಯಲ್ಲಿ ಅದು ಇಲ್ಲ. ಅದು ನಮ್ಮ ಅಡುಗೆಮನೆಗೆ ಬಂದಿರುವುದು ಎಣ್ಣೆಯ ದಾರಿಯಲ್ಲಿ. ತಮಾಷೆಯೆಂದರೆ, ಎಣ್ಣೆಯನ್ನು ಪ್ರಯೋಗಾಲಯಕ್ಕೆ ಕಳಿಸಿದರೂ ಹೆಚ್ಚಿನ ಸಲ ಅದು ಸಿಕ್ಕಿಬೀಳುವುದಿಲ್ಲ. ಬಂದಿದೆ, ಆದರೆ ಕಾಣುವುದಿಲ್ಲ. ಇದು ಹೇಗೆ?

ತೂತು ಕೊರೆಯುವವನಿಗೇ ತೂತು

ಬದನೆ ಕುಲದ ದೊಡ್ಡ ವೈರಿ ಒಂದು ಸಣ್ಣ ಬಿಳಿ ಪತಂಗದ ಮರಿಹುಳ. ಮೊದಲು ಎಳೆ ಕುಡಿಯನ್ನು ಕೊರೆಯುತ್ತದೆ, ಕುಡಿ ಬಾಡಿ ಜೋಲುತ್ತದೆ. ಆಮೇಲೆ ಕಾಯಿಗೆ ನುಗ್ಗುತ್ತದೆ. ಒಳಗೆ ಹೊಕ್ಕ ಮೇಲೆ ಹೊರಗಿನಿಂದ ಯಾವ ಔಷಧಿ ಹೊಡೆದರೂ ಅದಕ್ಕೆ ತಾಗುವುದಿಲ್ಲ. ಹಾಗಾಗಿ ರೈತ ಅದು ಹೊಕ್ಕುವ ಮೊದಲೇ, ಮತ್ತೆ ಮತ್ತೆ, ಹೊಡೆಯುತ್ತಲೇ ಇರಬೇಕು. ಸಂತೆಯ ಗುಳ್ಳದಲ್ಲಿ ತೂತಿಲ್ಲದಿದ್ದರೆ ಅದರ ಅರ್ಥ ಸಾಮಾನ್ಯವಾಗಿ ಇಷ್ಟೇ: ಒಂದೋ ಔಷಧಿ ಹೊಡೆದಿದ್ದಾರೆ, ಅಥವಾ ತೂತು ಬಿದ್ದದ್ದನ್ನು ಮನೆಯಲ್ಲೇ ಹೆಕ್ಕಿ ತೆಗೆದು ಒಳ್ಳೆಯದನ್ನು ಮಾತ್ರ ತಂದಿದ್ದಾರೆ. ದೊಡ್ಡಮ್ಮ ಹೆದರಬೇಕಿದ್ದರೆ ಮೊದಲನೆಯದಕ್ಕೆ ಹೆದರಬಹುದಿತ್ತು.

ಬಿಟಿ ಎಂಬ ಎರಡಕ್ಷರದ ಹಿಂದೆ ಮಣ್ಣಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾ ಇದೆ: ಬ್ಯಾಸಿಲಸ್ ತುರಿಂಜಿಯೆನ್ಸಿಸ್. 1901ರಲ್ಲಿ ಜಪಾನಿನಲ್ಲಿ ರೇಷ್ಮೆಹುಳುಗಳು ಇದ್ದಕ್ಕಿದ್ದಂತೆ ಸಾಯತೊಡಗಿದಾಗ ಇಶಿವಾತಾರಿ ಎಂಬವರಿಗೆ ಸಿಕ್ಕಿತು. ಹತ್ತು ವರ್ಷದ ನಂತರ ಜರ್ಮನಿಯ ಥುರಿಂಗಿಯಾದಿಂದ ಬಂದ ಹಿಟ್ಟಿನ ಹುಳಗಳಲ್ಲಿ ಬರ್ಲೈನರ್ ಎಂಬವರು ಮತ್ತೆ ಕಂಡರು, ಆ ಸೀಮೆಯ ಹೆಸರನ್ನೇ ಇಟ್ಟರು. ಈ ಬ್ಯಾಕ್ಟೀರಿಯಾ ತನ್ನ ಮೈಯೊಳಗೆ ಕಲ್ಲುಸಕ್ಕರೆಯ ಹರಳಿನಂಥ ಒಂದು ಪ್ರೋಟೀನು ಕಟ್ಟಿಕೊಳ್ಳುತ್ತದೆ. ಎಲೆಯ ಜೊತೆ ಅದನ್ನು ಮರಿಹುಳ ನುಂಗಿದಾಗ ಆಟ ಶುರು. ಮರಿಹುಳದ ಹೊಟ್ಟೆ ಸೋಪಿನ ನೀರಿನ ಹಾಗೆ ಕ್ಷಾರ. ಅಲ್ಲಿ ಹರಳು ಕರಗುತ್ತದೆ. ಕರಗಿದ ಪ್ರೋಟೀನು ಕರುಳಿನ ಗೋಡೆಯಲ್ಲಿರುವ ಒಂದು ಜಾತಿಯ ಕೊಕ್ಕೆಗಳಿಗೆ ಸಿಕ್ಕಿಕೊಂಡು, ಗೋಡೆಯಲ್ಲಿ ತೂತು ಮಾಡುತ್ತದೆ. ಬದನೆಗೆ ತೂತು ಕೊರೆಯಲು ಬಂದವನ ಕರುಳಿಗೇ ತೂತು. ತಿನ್ನುವುದು ನಿಲ್ಲುತ್ತದೆ, ಎರಡು ಮೂರು ದಿನದಲ್ಲಿ ಹುಳ ಸಾಯುತ್ತದೆ.

ನಮ್ಮ ಹೊಟ್ಟೆಯದು ತದ್ವಿರುದ್ಧ ಲೋಕ. ಅಲ್ಲಿ ಹುಣಸೆಯ ನೀರನ್ನೂ ಮೀರಿಸುವ ಹುಳಿ, ಆ ಕೊಕ್ಕೆಗಳೂ ಇಲ್ಲ. ಪ್ರೋಟೀನು ಬೇಳೆಯ ಪ್ರೋಟೀನಿನ ಹಾಗೆಯೇ ಚೂರುಚೂರಾಗಿ ಜೀರ್ಣವಾಗುತ್ತದೆ. ಇದೇ ಬ್ಯಾಕ್ಟೀರಿಯಾವನ್ನು ಪುಡಿ ಮಾಡಿ ನೀರಿಗೆ ಕಲಸಿ ಸಿಂಪಡಿಸುವುದಕ್ಕೆ ಸಾವಯವ ಕೃಷಿಯಲ್ಲೂ ಅವಕಾಶವಿದೆ ಎಂದರೆ ದೊಡ್ಡಮ್ಮ ನಂಬುವುದಿಲ್ಲ.

ವಿಜ್ಞಾನಿಗಳು ಮಾಡಿದ್ದು ಏನೆಂದರೆ, ಈ ಪ್ರೋಟೀನು ಮಾಡುವ ವಿಧಾನವನ್ನು ಬ್ಯಾಕ್ಟೀರಿಯಾದಿಂದ ನಕಲು ಮಾಡಿ ಗಿಡಕ್ಕೆ ಕೊಟ್ಟದ್ದು. ನಮ್ಮ ಕಡೆ ಅಡುಗೆಭಟ್ಟರು ದೊಡ್ಡ ಸಮಾರಂಭಕ್ಕೆ ಚೀಟಿ ಬರೆದಿಟ್ಟುಕೊಳ್ಳುತ್ತಾರಲ್ಲ, ಹಾಗೆ ಜೀವಿಯ ಪ್ರತಿ ಜೀವಕೋಶದಲ್ಲೂ ಚೀಟಿಗಳ ಒಂದು ಕಟ್ಟು ಇರುತ್ತದೆ. ಒಂದು ಚೀಟಿ ಒಂದು ಜೀನ್, ಅದನ್ನು ಓದಿ ಮಾಡಿದ ಅಡುಗೆ ಒಂದು ಪ್ರೋಟೀನು. ಬದನೆಯ ಕಟ್ಟಿನಲ್ಲಿ ಸುಮಾರು 35 ಸಾವಿರ ಚೀಟಿಗಳಿವೆ. ಬಿಟಿ ಬದನೆಯಲ್ಲಿ ಮೂರು ಹೆಚ್ಚು: ಹುಳಕ್ಕೆ ಒಂದು, ಉಳಿದೆರಡು ಚೀಟಿ ಸರಿಯಾಗಿ ಸೇರಿತೋ ಎಂದು ಪ್ರಯೋಗಾಲಯದಲ್ಲಿ ಗುರುತಿಸಿಕೊಳ್ಳಲು. ಪರಕುಲದ ಚೀಟಿ ಸೇರಿದ ಬೆಳೆಯೇ ಕುಲಾಂತರಿ, ಪೇಪರಿನವರ ಮಾತಿನಲ್ಲಿ ಜಿಎಂ.

ಮಟ್ಟುವಿನ ಬೀಜ, ಧಾರವಾಡದ ದಾರಿ

ದೊಡ್ಡಮ್ಮನ ಅನುಮಾನ ಗಾಳಿಯಿಂದ ಹುಟ್ಟಿದ್ದಲ್ಲ. ನಮ್ಮ ಗುಳ್ಳ ನಿಜವಾಗಿಯೂ ಬಿಟಿ ಆಗುವುದರಲ್ಲಿತ್ತು.

ಕಟಪಾಡಿಯಿಂದ ಪಡುವಣಕ್ಕೆ, ಈಗ ಕಾಪು ತಾಲೂಕಿಗೆ ಸೇರಿದ ಕಡಲಬದಿಯ ಮಟ್ಟು ಗ್ರಾಮದ ಗುಳ್ಳ ಇದು. ತಿಳಿ ಹಸಿರು, ಮೈಮೇಲೆ ಬಿಳಿ ಗೀರು, ತೆಳ್ಳನೆ ಸಿಪ್ಪೆ. ಸೋದೆ ಮಠದ ವಾದಿರಾಜರು ಹದಿನಾರನೆಯ ಶತಮಾನದಲ್ಲಿ ಊರವರಿಗೆ ಕೊಟ್ಟ ಬೀಜ ಎಂಬುದು ಇಲ್ಲಿಯವರ ನಂಬಿಕೆ. ಉಡುಪಿ ಕೃಷ್ಣಮಠದ ಪರ್ಯಾಯದ ಅಡುಗೆಗೆ ಈ ಗುಳ್ಳ ಬೇಕೇ ಬೇಕು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಅದಕ್ಕೂ ಮೊದಲೇ, 2005ರಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮಹಿಕೋ ಎಂಬ ಬೀಜ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಕರ್ನಾಟಕದ ಆರು ಊರತಳಿಯ ಬದನೆಗಳಿಗೆ ಬಿಟಿ ಜೀನ್ ಸೇರಿಸುವ ಕೆಲಸಕ್ಕೆ ಕೈ ಹಾಕಿತ್ತು. ಮಂಜರಿಗೋಟ, ಕುಡಚಿ, ಮಲಾಪುರದ ಬದನೆಗಳ ಸಾಲಿನಲ್ಲಿ ನಮ್ಮದೂ ಇತ್ತು, ‘ಉಡುಪಿ ಗುಳ್ಳ’ ಎಂಬ ಹೆಸರಿನಲ್ಲಿ. 2009ರ ಅಕ್ಟೋಬರ್ 14ರಂದು ಕೇಂದ್ರದ ಅನುಮೋದನಾ ಸಮಿತಿ ಬಿಟಿ ಬದನೆಗೆ ಹಸಿರು ನಿಶಾನೆ ತೋರಿಸಿತು. ದೇಶವಿಡೀ ಗದ್ದಲ ಎದ್ದಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಭೆ ಕರೆದರು, ಕೊನೆಯದು ಬೆಂಗಳೂರಿನಲ್ಲಿ. ಬೇಡ ಎಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2010ರ ಫೆಬ್ರವರಿ 9ರಂದು ಸಚಿವರು ತಡೆ ಹಾಕಿದರು. ಆ ತಡೆ ಇನ್ನೂ ತೆರವಾಗಿಲ್ಲ. ಇದೇ ಬದನೆಯನ್ನು ಬಾಂಗ್ಲಾದೇಶ 2013ರಲ್ಲಿ ಒಪ್ಪಿಕೊಂಡು, ಮರುವರ್ಷ 20 ರೈತರಿಗೆ ಸಸಿ ಹಂಚಿ, ಅಲ್ಲಿಂದ ಮುಂದೆ ಬೆಳೆಯುತ್ತಲೇ ಇದೆ.

ಗುಳ್ಳದ ಮಟ್ಟಿಗೆ ಜಗಳ ಹೊಟ್ಟೆಯದಾಗಿರಲಿಲ್ಲ, ಬೀಜ ಯಾರದ್ದು ಎಂಬುದಾಗಿತ್ತು ಎಂದು ನನಗೆ ಅನಿಸುತ್ತದೆ. ಊರತಳಿಗಳನ್ನು ಬಳಸುವ ಮೊದಲು ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಪಡೆಯಲಿಲ್ಲ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲೇ ದೂರು ಕೊಟ್ಟಿತು. 2012ರಲ್ಲಿ ಪ್ರಕರಣ ಧಾರವಾಡದ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಬದನೆಯ ಹೂವಿಗೆ ಜೇನುನೊಣ ಬರುತ್ತದೆ, ಪಕ್ಕದ ಗದ್ದೆಯ ಪರಾಗ ತರುತ್ತದೆ. ಇಷ್ಟು ವರ್ಷ ಬೇರೆ ಬದನೆಯ ಸೋಂಕು ತಾಗಿಸದೆ ಬೀಜ ಉಳಿಸಿಕೊಂಡು ಬಂದವರಿಗೆ ಅದರ ಚಿಂತೆ ಇದ್ದರೆ ಅತಿಯಾಯಿತು ಎನ್ನಲು ನನಗೆ ಬಾಯಿ ಬರುವುದಿಲ್ಲ.

ತಡೆ ಇದ್ದ ಮಾತ್ರಕ್ಕೆ ದೇಶದಲ್ಲಿ ಎಲ್ಲಿಯೂ ಇಲ್ಲ ಎನ್ನುವಂತಿಲ್ಲ. 2019ರಲ್ಲಿ ಹರಿಯಾಣದ ಫತೇಹಾಬಾದಿನ ಒಂದು ಹೊಲದಲ್ಲಿ ಕದ್ದು ಬೆಳೆದ ಬಿಟಿ ಬದನೆ ಸಿಕ್ಕಿತ್ತು. ಆದರೆ ಮಟ್ಟುವಿನ ಗುಳ್ಳಕ್ಕೆ ಅದು ಬಂದಿಲ್ಲ.

ಹೈಬ್ರಿಡ್ ಎಂದರೆ ಬೇರೆ

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ತೈವಾನ್ ಪಪ್ಪಾಯಿ, ಬೀಜವಿಲ್ಲದ ಕಲ್ಲಂಗಡಿ, ಕಲ್ಲಿನ ಹಾಗೆ ಗಟ್ಟಿಯಾದ ಟೊಮೆಟೊ, ಸ್ವೀಟ್ ಕಾರ್ನ್: ನಮ್ಮ ಸಂತೆಗೆ ಬರುವ ಇವೆಲ್ಲ ಹೈಬ್ರಿಡ್ಡುಗಳು ಅಥವಾ ಆಯ್ದ ತಳಿಗಳು. ಒಂದೇ ಕುಲದೊಳಗೆ ಮದುವೆ ಮಾಡಿಸಿದ್ದು. ಅರ್ಧ ಜಿಲ್ಲೆ ಉಣ್ಣುವ ಎಂಒ4 ಕುಚ್ಚಲಕ್ಕಿಯೂ ಹಾಗೆಯೇ ಕೇರಳದ ಮಂಕೊಂಬಿನಲ್ಲಿ ತಳಿ ಕೂಡಿಸಿ ತೆಗೆದದ್ದು. ಕಾರ್ಕಳದ ಕಜೆ ಅಕ್ಕಿಯಂತೂ ಹಳೆಯ ಊರತಳಿ.

ಹಾಗೆಂದು ಪರಕುಲದ ಜೀನ್ ಇರುವ ಬೆಳೆಯೂ ನಮ್ಮ ಸಂತೆಯಲ್ಲಿ ಗೋಣಿಗಟ್ಟಲೆ ಮಾರಾಟವಾಗುತ್ತದೆ. ಉದಾಹರಣೆಗೆ ಗೆಣಸು. ಮಣ್ಣಿನಲ್ಲಿ ಅಗ್ರೋಬ್ಯಾಕ್ಟೀರಿಯಂ ಎಂಬ ಇನ್ನೊಂದು ಜೀವಿ ಇದೆ. ತನ್ನ ಚೀಟಿಯನ್ನು ಗಿಡದ ಕಟ್ಟಿನೊಳಗೆ ಸೇರಿಸಿಬಿಡುವುದು ಅದರ ಹುಟ್ಟುಗುಣ. ಪ್ರಯೋಗಾಲಯದವರು ಬಿಟಿ ಜೀನನ್ನು ಬದನೆಗೆ ಸಾಗಿಸಿದ್ದೂ ಇದರ ಹೆಗಲ ಮೇಲೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 291 ಬಗೆಯ ಕೃಷಿ ಗೆಣಸುಗಳನ್ನು ಪರೀಕ್ಷಿಸಿದಾಗ ಎಲ್ಲವುಗಳಲ್ಲಿಯೂ ಈ ಬ್ಯಾಕ್ಟೀರಿಯಾದ ಜೀನ್ ಸಿಕ್ಕಿತು. ಮನುಷ್ಯ ಕೈಯಾಡಿಸದೆ, ಸಾವಿರಾರು ವರ್ಷದ ಹಿಂದೆ ಮಣ್ಣೇ ಮಾಡಿದ ಕುಲಾಂತರ. ಏಕಾದಶಿಗೆ ಗೆಣಸು ಬೇಯಿಸಿ ತಿನ್ನುವ ದೊಡ್ಡಮ್ಮನಿಗೆ ಇದನ್ನು ನಾನು ಹೇಳಲಿಲ್ಲ. ಅವರ ಫ್ರಿಜ್ಜಿನ ಬಾಗಿಲಲ್ಲಿರುವ ಇನ್ಸುಲಿನ್, 1982ರಿಂದ ಜಗತ್ತಿನಲ್ಲಿ ಮಾರಾಟಕ್ಕೆ ಬಂದ ಬಗೆಯದು, ಕುಲಾಂತರಿ ಸೂಕ್ಷ್ಮಜೀವಿಗಳು ತಯಾರಿಸಿದ್ದು ಎಂಬುದನ್ನೂ ಹೇಳಲಿಲ್ಲ. ಚುಚ್ಚಿಕೊಳ್ಳುವುದನ್ನು ಬಿಟ್ಟರೆ ಕಷ್ಟ.

ತುಪ್ಪ ಕಾಯಿಸಿದವರಿಗೆ ಗೊತ್ತು

ಈಗ ಎಣ್ಣೆಗೆ ಬರೋಣ.

ಭಾರತದಲ್ಲಿ ರೈತರು ಕಾನೂನಿನ ಒಪ್ಪಿಗೆಯೊಂದಿಗೆ ಬೆಳೆಯುತ್ತಿರುವ ಕುಲಾಂತರಿ ಬೆಳೆ ಒಂದೇ: ಹತ್ತಿ. ಪ್ರಾಯೋಗಿಕ ತಾಕುಗಳಿದ್ದಾಗಲೇ, 1998ರಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ರಾಯಚೂರು ಸೀಮೆಯಲ್ಲಿ ಗಿಡ ಕಿತ್ತು ಸುಟ್ಟಿತ್ತು. 2002ರ ಮಾರ್ಚ್‌ನಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು, ಈಗ ದೇಶದ ಹತ್ತಿ ಹೊಲಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅದೇ. ಹತ್ತಿ ಎಂದರೆ ನಮಗೆ ಬಟ್ಟೆ. ಆದರೆ ಅರಳೆ ತೆಗೆದ ಮೇಲೆ ಉಳಿಯುವ ಬೀಜವನ್ನು ಯಾರೂ ಎಸೆಯುವುದಿಲ್ಲ. ಹಿಂಡಿದರೆ ಎಣ್ಣೆ, ಉಳಿದದ್ದು ಹಸುವಿನ ಹಿಂಡಿ. ಗುಜರಾತಿನಲ್ಲಿ ಹತ್ತಿಬೀಜದ ಎಣ್ಣೆ ಮನೆಮನೆಯ ಅಡುಗೆಗೆ ಬಳಕೆ. ನಮ್ಮಲ್ಲಿಗೆ ಅದು ಬರುವುದು ಕರಿದ ತಿಂಡಿಯ, ಬೇಕರಿ ಡಾಲ್ಡಾದ, ಬೆರಕೆ ಎಣ್ಣೆಯ ರೂಪದಲ್ಲಿ.

ಎರಡನೆಯ ದಾರಿ ಸಮುದ್ರದ್ದು. ನಮ್ಮ ದೇಶ ಬಳಸುವ ಅಡುಗೆಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಅದರಲ್ಲಿ ಸೋಯಾ ಎಣ್ಣೆ ಬಹುಪಾಲು ಅರ್ಜೆಂಟೀನಾ, ಬ್ರೆಜಿಲ್‌ಗಳದ್ದು, ಅಲ್ಲಿನ ಸೋಯಾ ಹೆಚ್ಚುಕಡಿಮೆ ಎಲ್ಲವೂ ಕುಲಾಂತರಿ. ಇಂಥ ಸೋಯಾದಿಂದ ತೆಗೆದ ಎಣ್ಣೆಯ ಆಮದಿಗೆ 2007ರಲ್ಲೇ ಒಪ್ಪಿಗೆ ಸಿಕ್ಕಿದೆ.

ಹಾಗಾದರೆ ಒಂದು ಚಮಚ ಎಣ್ಣೆ ತೆಗೆದು ಪರೀಕ್ಷೆ ಮಾಡಿದರಾಯಿತಲ್ಲ? ಕುಲಾಂತರಿ ಹುಡುಕುವ ಪರೀಕ್ಷೆ ನಮಗೆಲ್ಲ ಪರಿಚಯದ್ದೇ. ಕೊರೋನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದ ಪಿಸಿಆರ್. ಅದು ಮಾಡುವುದು ಇಷ್ಟು: ಬೇಕಾದ ಚೀಟಿಯ ಒಂದು ಹರಕು ತುಂಡು ಸಿಕ್ಕಿದರೂ ಸಾಕು, ಅದನ್ನು ಎರಡು, ನಾಲ್ಕು, ಎಂಟು, ಹದಿನಾರು ಎಂದು ನಕಲು ತೆಗೆಯುತ್ತ ಕಣ್ಣಿಗೆ ಕಾಣುವಷ್ಟು ಮಾಡುತ್ತದೆ. ಆದರೆ ನಕಲು ತೆಗೆಯಲು ಮೂಲದ ಒಂದು ತುಂಡಾದರೂ ಬೇಕು. ಜೆರಾಕ್ಸ್ ಅಂಗಡಿಗೆ ಬರಿಗೈಯಲ್ಲಿ ಹೋದರೆ ಏನು ಸಿಗುತ್ತದೆ?

ಮನೆಯಲ್ಲಿ ಬೆಣ್ಣೆ ಕಾಯಿಸುವುದನ್ನು ನೆನಪಿಸಿಕೊಳ್ಳಿ. ಮೊದಲು ನೊರೆ, ಚಟಪಟ ಸದ್ದು. ಅದು ನೀರು ಆವಿಯಾಗುವ ಸದ್ದು. ಸದ್ದಡಗಿ ಘಮ ಬಂದಾಗ ಮೇಲೆ ತಿಳಿಯಾದ ತುಪ್ಪ, ತಳದಲ್ಲಿ ಕಂದುಬಣ್ಣದ ಗಸಿ. ಆ ಗಸಿ, ಮಕ್ಕಳು ಬೆಲ್ಲ ಹಾಕಿ ನೆಕ್ಕುವುದು, ಹಾಲಿನ ಪ್ರೋಟೀನು. ಅದು ತುಪ್ಪದಲ್ಲಿ ಕರಗಲಿಲ್ಲ, ಕರಗುವ ಜಾತಿಯದಲ್ಲ. ಹಸುವಿನ ಜೀವಕೋಶದ ಚೂರುಪಾರು ಏನಾದರೂ ಇದ್ದರೆ ಅದೂ ನೀರು, ಗಸಿಗಳ ಕಡೆಗೇ ಹೋಗುತ್ತದೆ. ಸೋಸಿದ ತುಪ್ಪ ಬರೀ ಕೊಬ್ಬು.

ಬೀಜದ ಎಣ್ಣೆಯ ಕಥೆಯೂ ಇದೇ. ಜೀನ್ ಇರುವುದು ಬೀಜದ ಜೀವಕೋಶದೊಳಗೆ, ಪ್ರೋಟೀನು ಇರುವುದು ಬೀಜದ ತಿರುಳಿನಲ್ಲಿ. ಎರಡಕ್ಕೂ ನೀರಿನ ಸಂಗ ಬೇಕು, ಎಣ್ಣೆಯ ಸಂಗ ಆಗದು. ಹಿಂಡಿದಾಗ ಬಹುಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಕಚ್ಚಾ ಎಣ್ಣೆಯ ಜೊತೆ ಜಾರಿಬಂದ ಅಷ್ಟಿಷ್ಟು ಅಂಟನ್ನು ಕಾರ್ಖಾನೆಯಲ್ಲಿ ನೀರು ಹಾಕಿ ಬೇರ್ಪಡಿಸುತ್ತಾರೆ. ಆಮೇಲೆ ಕ್ಷಾರದಲ್ಲಿ ತೊಳೆಯುತ್ತಾರೆ, ಬಣ್ಣ ಹೀರುವ ಜೇಡಿಮಣ್ಣಿನಲ್ಲಿ ಸೋಸುತ್ತಾರೆ, ವಾಸನೆ ಹೋಗಲು ಇನ್ನೂರು ಡಿಗ್ರಿ ಮೀರಿದ ಬಿಸಿಯಲ್ಲಿ ಹಬೆ ಹಾಯಿಸುತ್ತಾರೆ. ಹತ್ತಿಬೀಜದ ಎಣ್ಣೆಗಂತೂ ಈ ಸ್ನಾನ ತಪ್ಪಿದ್ದಲ್ಲ. ಅದರಲ್ಲಿ ಹುಟ್ಟಿನಿಂದಲೇ ಗಾಸಿಪಾಲ್ ಎಂಬ ನಂಜು ಇರುತ್ತದೆ, ಬಿಟಿ ಇರಲಿ ಇಲ್ಲದಿರಲಿ, ತೊಳೆಯದೆ ತಿನ್ನುವಂತಿಲ್ಲ.

ಇಷ್ಟೆಲ್ಲ ಆದ ಮೇಲೆ ಪೊಟ್ಟಣದಲ್ಲಿ ಉಳಿಯುವುದು ಕೊಬ್ಬು ಮಾತ್ರ. ಬಿಟಿ ಹತ್ತಿಯ ಕೊಬ್ಬಿಗೂ ಸಾದಾ ಹತ್ತಿಯ ಕೊಬ್ಬಿಗೂ ವ್ಯತ್ಯಾಸವಿಲ್ಲ. ಊಟ ಮುಗಿದ ಬಾಳೆಎಲೆಯ ಮೇಲಿನ ಎಣ್ಣೆ ಪಸೆ ನೋಡಿ ಭಟ್ಟರ ಚೀಟಿಯಲ್ಲಿ ಏನಿತ್ತೆಂದು ಹೇಳಿ ಎಂದ ಹಾಗೆ ಇದು. ಸಕ್ಕರೆ, ಜೋಳದ ಪಿಷ್ಟದಿಂದ ಮಾಡಿದ ಸಿಹಿಪಾಕಗಳ ಮಾತೂ ಅಷ್ಟೇ.

ಒಂದು ತಿದ್ದುಪಡಿ ಮಾತ್ರ ಬೇಕು. ತೊಳೆಯುವುದು ಎಲ್ಲ ಕಡೆ ಒಂದೇ ಹದದಲ್ಲಿ ಆಗುವುದಿಲ್ಲ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ 2018ರಲ್ಲಿ 65 ಆಹಾರ ಪದಾರ್ಥಗಳನ್ನು ಪರೀಕ್ಷಿಸಿದಾಗ 21ರಲ್ಲಿ ಕುಲಾಂತರಿ ಗುರುತು ಸಿಕ್ಕಿತ್ತು. ಹೆಚ್ಚಿನವು ಆಮದು ಮಾಲು. ಇಲ್ಲಿಯೇ ತಯಾರಾದವುಗಳಲ್ಲಿ ಸಿಕ್ಕಿಬಿದ್ದದ್ದು ಹತ್ತಿಬೀಜದ ಎಣ್ಣೆ. ಹಾಗಾಗಿ ಪರೀಕ್ಷೆಯಲ್ಲಿ ಸಿಕ್ಕಿದರೆ ಇದೆ ಎಂದು ನಂಬಬಹುದು, ಸಿಗದಿದ್ದರೆ ಇಲ್ಲ ಎಂದು ನಂಬುವಂತಿಲ್ಲ.

ಹಿಂಡಿ ತಿಂದ ಹಸುವಿನ ಹಾಲು? ಸೋಯಾ ಹಿಂಡಿ ತಿಂದ ಕೋಳಿಯ ಸುಕ್ಕ? 2021ರಲ್ಲಿ ಕೋಳಿಮೇವಿಗೆಂದು 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಸರಕಾರವೇ ಅನುಮತಿ ಕೊಟ್ಟಿತ್ತು. ಅಲ್ಲಿಯೂ ಚೀಟಿಯನ್ನು ಹರಿದುಹಾಕುವುದು ಆ ಪ್ರಾಣಿಯ ಹೊಟ್ಟೆ. ಹುಲ್ಲು ತಿಂದ ಹಸುವಿನ ಹಾಲು ಹಸಿರಾಗುವುದಿಲ್ಲ.

ಪೊಟ್ಟಣದ ಹಿಂಬದಿ

ವಸ್ತುವೇ ಬಾಯಿ ಬಿಡದಿದ್ದರೆ ಅದರ ಜಾತಕ ನೋಡಬೇಕು. ಯಾವ ಬೀಜ, ಯಾವ ದೇಶ, ಯಾರು ಪ್ರಮಾಣಪತ್ರ ಕೊಟ್ಟರು. ಕಾಗದವೊಂದೇ ದಾರಿ.

ಕಾಗದದ ಸ್ಥಿತಿ ಹೇಗಿದೆ? ಕುಲಾಂತರಿ ಆಹಾರದ ಪೊಟ್ಟಣದ ಮುಖದ ಮೇಲ್ತುದಿಯಲ್ಲಿ ‘ಜಿಎಂ’ ಎಂದು ಅಚ್ಚುಹಾಕಬೇಕು ಎಂಬ ನಿಯಮ 2013ರ ಜನವರಿ 1ರಿಂದ ಜಾರಿಯಲ್ಲಿದೆ. ಒಂದು ಸಂಜೆ ಮಣಿಪಾಲದಲ್ಲಿ ದೇಶವಿದೇಶದ ವಿದ್ಯಾರ್ಥಿಗಳು ಮುಗಿಬೀಳುವ ಒಂದು ಅಂಗಡಿಗೆ ಹೋಗಿ, ಕನ್ನಡಕ ಹಾಕಿಕೊಂಡು, ಎಣ್ಣೆಯಿಂದ ಹಿಡಿದು ಅಮೆರಿಕದ ಜೋಳದ ಕುರುಕಲಿನವರೆಗೆ ತಿರುಗಿಸಿ ತಿರುಗಿಸಿ ನೋಡಿದೆ. ಆ ಎರಡಕ್ಷರ ಒಂದರ ಮೇಲೂ ಸಿಗಲಿಲ್ಲ. ಸಿಕ್ಕಿದ್ದು ಅದರ ಉಲ್ಟಾ: ಕಲ್ಲುಪ್ಪಿನ ಪೊಟ್ಟಣದ ಮೇಲೆ ‘ನಾನ್ ಜಿಎಂಒ’. ಉಪ್ಪಿಗೆ ಜೀನೇ ಇಲ್ಲ ಮಾರಾಯ್ರೆ!

ಆಹಾರಕ್ಕೆಂದು ಆಮದಾಗುವ 24 ಬೆಳೆಗಳ ಜೊತೆ ಕುಲಾಂತರಿ ಅಲ್ಲ ಎಂಬ ಪ್ರಮಾಣಪತ್ರ ಇರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2021ರ ಮಾರ್ಚ್‌ನಿಂದ ಕಡ್ಡಾಯ ಮಾಡಿದೆ. ಅರಿಯದೆ ಬೆರೆತದ್ದು ಶೇಕಡಾ 1ರವರೆಗೆ ಮಾಫಿ. ಆದರೆ ಇದು ಕಾಳು, ಹಣ್ಣು, ತರಕಾರಿಗೆ. ಸಂಸ್ಕರಿಸಿದ ಎಣ್ಣೆ, ತಿಂಡಿಗಳು ಈ ಬಲೆಯ ಕಣ್ಣಿನಿಂದ ಜಾರಿಹೋಗುತ್ತವೆ.

ಬೇಡವೇ ಬೇಡ ಎನ್ನುವವರು ಹೀಗೆ ಮಾಡಬಹುದು. ಎಣ್ಣೆ, ಡಾಲ್ಡಾ, ಬೇಕರಿ ತಿಂಡಿಗಳ ಪದಾರ್ಥಪಟ್ಟಿಯಲ್ಲಿ ಹತ್ತಿಬೀಜ, ಸೋಯಾ, ಕನೋಲಾ ಎಂಬ ಹೆಸರು ಹುಡುಕಿ. ಬರೀ ‘ಖಾದ್ಯ ಸಸ್ಯಜನ್ಯ ಎಣ್ಣೆ’ ಎಂದು ಬರೆದು ಯಾವ ಬೀಜದ್ದೆಂದು ಹೇಳದವರನ್ನು ನಾನಂತೂ ನಂಬುವುದಿಲ್ಲ. ಅಮೆರಿಕದಿಂದ ಬಂದ ಜೋಳ, ಸೋಯಾದ ತಿಂಡಿಗಳನ್ನು ಕುಲಾಂತರಿ ಎಂದೇ ಎಣಿಸಿ. ಸಾವಯವ ಮುದ್ರೆ ನಿಜವಾದದ್ದಾದರೆ ಅದರ ನಿಯಮದೊಳಗೆ ಕುಲಾಂತರಿಗೆ ಜಾಗವಿಲ್ಲ. ಸೂರ್ಯಕಾಂತಿ, ನೆಲಗಡಲೆ, ಎಳ್ಳು, ತಾಳೆ ಇವುಗಳ ಕುಲಾಂತರಿ ತಳಿ ಮಾರುಕಟ್ಟೆಗೆ ಬಂದಿಲ್ಲ. ಸಾಸಿವೆಯ ಕುಲಾಂತರಿ ತಳಿಯೊಂದಕ್ಕೆ 2022ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಆ ಅನುಮತಿ ರದ್ದು ಎಂದರು, ಜೊತೆಗಿದ್ದ ನ್ಯಾಯಮೂರ್ತಿ ಸಂಜಯ್ ಕರೋಲ್ ಸರಿ ಎಂದರು. ಅದು ಸದ್ಯಕ್ಕೆ ಒಗ್ಗರಣೆಗೆ ಬರುವುದಿಲ್ಲ.

ಅಂದು ಮಧ್ಯಾಹ್ನ ದೊಡ್ಡಮ್ಮ ಗುಳ್ಳವನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು ಹಿಟ್ಟಿಗೆ ಅದ್ದುತ್ತಿದ್ದಾಗ ನಾನು ಎಣ್ಣೆಯ ಪೊಟ್ಟಣ ತಿರುಗಿಸಿ ಓದಿ ಹೇಳಿದೆ: ಸೋಯಾ. ಅವರು ಒಂದು ಗಳಿಗೆ ಬಾಣಲೆ ನೋಡಿದರು. ಆಮೇಲೆ ಕಪಾಟಿನಿಂದ ಊರ ಮಿಲ್ಲಿನಲ್ಲಿ ಆಡಿಸಿ ತಂದ ತೆಂಗಿನೆಣ್ಣೆಯ ಡಬ್ಬಿ ಇಳಿಸಿದರು. ಅದಕ್ಕೆ ಪೊಟ್ಟಣವೂ ಇಲ್ಲ, ಓದಲಿಕ್ಕೆ ಅಕ್ಷರವೂ ಇಲ್ಲ. ಓದುವ ಅಗತ್ಯವೂ ಇಲ್ಲ: ಜಗತ್ತಿನ ಯಾವ ಮಾರುಕಟ್ಟೆಯಲ್ಲೂ ಕುಲಾಂತರಿ ತೆಂಗು ಇನ್ನೂ ಬಂದಿಲ್ಲ.